ಸಾಲ್ಸಾ ಸಾರಾಗದಂತೆ ನೋಡಿಕೊಳ್ಳುವುದು: ಪ್ರಾಕ್ಟಿಕಲ್‌ಗೆ ಮೊದಲು ಓದಿಕೊಳ್ಳಿ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೇ ತಿಂಗಳು, ಕಲಬುರಗಿ ಬಿಸಿಲು, ಮಾಳಿಗೆ ಮೇಲೆ ಅಕ್ಕನ ಮಗನ ಹುಟ್ಟುಹಬ್ಬ. ಸಂಜೆ ಗಡಿಬಿಡಿ ಬೇಡ ಅಂತ ಮಧ್ಯಾಹ್ನವೇ ಸಾಲ್ಸಾಗೆ, ಅಂದರೆ ಮೆಕ್ಸಿಕೋದ ಹಸಿ ಟೊಮೆಟೊ ಚಟ್ನಿಯಂಥದ್ದಕ್ಕೆ, ಟೊಮೆಟೊ, ಉಳ್ಳಾಗಡ್ಡಿ ಹೆಚ್ಚಿ, ಉಪ್ಪು ಕಲಸಿ ಫ್ರಿಜ್‌ನಲ್ಲಿಟ್ಟೆ. ಏಳಕ್ಕೆ ಮುಚ್ಚಳ ತೆಗೆದರೆ ಬೋಗಣಿ ತುಂಬ ಕೆಂಪು ನೀರು, ಮೇಲೆ ತೇಲುವ ಉಳ್ಳಾಗಡ್ಡಿ. "ಇದಕ್ಕ ಒಗ್ಗರಣಿ ಕೊಡು, ಅನ್ನಕ್ಕ ಆಗ್ತದ" ಎಂದಳು ಅವ್ವ.

ಯಾಕೆ ಹೀಗಾಯಿತು? ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರೇ ಇರುತ್ತದೆ. ಹೊರಗೆ ಉಪ್ಪು ಬಿದ್ದ ಕೂಡಲೇ ಒಳಗಿನ ನೀರು ಹೊರಗೆ ಬರುತ್ತದೆ, ಉಪ್ಪಿನಕಾಯಿಗೆ ಮಾವಿನ ಹೋಳು ಉಪ್ಪು ಹಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಡುತ್ತಲ್ಲ, ಅದೇ ಕತೆ. ಪುಸ್ತಕದಲ್ಲಿ ಆಸ್ಮಾಸಿಸ್ ಅಂತ ಇದೆ, ಪರೀಕ್ಷೆಗೆ ಆ ಹೆಸರು ಬರೆಯಿರಿ.

ಹಾಗಾಗಿ ದಾರಿ ಎರಡು. ಬೀಜದ ತಿರುಳು ತೆಗೆದು ಹೆಚ್ಚಿಟ್ಟುಕೊಂಡು, ಬಡಿಸುವ ಮುಂಚೆ ಉಪ್ಪು, ಲಿಂಬೆ ಹಾಕುವುದು. ಇಲ್ಲವೇ ಮೊದಲೇ ಉಪ್ಪು ಹಚ್ಚಿ, 15-20 ನಿಮಿಷ ಜರಡಿಯಲ್ಲಿಟ್ಟು ನೀರು ಬಸಿದು ಆಮೇಲೆ ಉಳಿದದ್ದು ಕಲಸುವುದು. ನನಗೆ ಎರಡನೆಯದೇ ಇಷ್ಟ, ರುಚಿ ಗಟ್ಟಿಯಾಗುತ್ತದೆ. ನಾಲ್ಕು ಟೊಮೆಟೊಗೆ ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸಾಕು. ಹೆಚ್ಚಿದ ಉಳ್ಳಾಗಡ್ಡಿಯನ್ನು ತಣ್ಣೀರಲ್ಲಿ ಒಮ್ಮೆ ತೊಳೆದರೆ ಘಾಟು ಇಳಿಯುತ್ತದೆ. ಮೆಕ್ಸಿಕೋದಲ್ಲಿ ಈ ಹಸಿ ಸಾಲ್ಸಾಗೆ ಪಿಕೋ ಡಿ ಗಾಯೋ ಅನ್ನುತ್ತಾರೆ, ಅಂದರೆ ಹುಂಜದ ಕೊಕ್ಕು. ಸಾಲ್ಸಾ ಅಂದರೆ ಸ್ಪ್ಯಾನಿಷ್‌ನಲ್ಲಿ ಸುಮ್ನೆ ಸಾಸ್, ಅಷ್ಟೇ.

ಸುಟ್ಟ ಸಾಲ್ಸಾಗೆ ಈ ತಲೆನೋವಿಲ್ಲ. ಟೊಮೆಟೊ, ಬಳ್ಳೊಳ್ಳಿ, ಮೆಣಸಿನಕಾಯಿ ಹಂಚಿನ ಮೇಲೆ ಕಪ್ಪಾಗುವವರೆಗೆ ಸುಟ್ಟು ಕಲ್ಲಲ್ಲಿ ಕುಟ್ಟುವುದು. ನೀರು ಅರ್ಧ ಹಂಚಿನ ಮೇಲೇ ಆರಿಹೋಗುತ್ತದೆ. ಮೆಕ್ಸಿಕೋದವರ ಹಂಚಿಗೆ ಕೊಮಾಲ್, ಕಲ್ಲಿಗೆ ಮೊಲ್ಕಾಹೆಟೆ ಎಂದು ಹೆಸರು. ಬದನೆಕಾಯಿ ಸುಟ್ಟು ಬಜ್ಜಿ ಮಾಡುವ ಮನೆಯವರಿಗೆ ಇದನ್ನು ಕಲಿಸಬೇಕಾ?

ಮೊಸರಿನ ಡಿಪ್‌ನಲ್ಲೂ (ಅದ್ದಿಕೊಂಡು ತಿನ್ನುವ ಗಟ್ಟಿ ಸಾಸ್) ಶತ್ರು ನೀರೇ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ಫ್ರಿಜ್‌ನಲ್ಲಿ 4-5 ಗಂಟೆ ಬಿಡಿ. ಸವತೆಕಾಯಿ ಹಾಕುವುದಾದರೆ ತುರಿದು, ಉಪ್ಪು ಹಚ್ಚಿ, ಕೈಯಲ್ಲಿ ಜೋರಾಗಿ ಹಿಂಡಿ. ನಾನು ಅದಕ್ಕೆ ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ) ಕಲಸುತ್ತೇನೆ, ಮನೆಯಲ್ಲಿ ರೊಟ್ಟಿಗೆ ತಿನ್ನುವುದೇ ಅದು, ಅಲ್ವಾ? ಖಾರ ಜಾಸ್ತಿ ಆದವರಿಗೂ ನೀರು ಕೊಡಬೇಡಿ, ಮೊಸರು ಕೊಡಿ. ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಅಂಶ ನೀರಲ್ಲಿ ಕರಗುವುದಿಲ್ಲ.

ಹಮ್ಮಸ್, ಅಂದರೆ ಕಾಬೂಲಿ ಕಡಲೆ ರುಬ್ಬಿದ ಡಿಪ್, ಅದರ ಬಗ್ಗೆ ಒಂದೇ ಮಾತು. ರಾತ್ರಿ ನೆನೆಸಿದ ಕಾಬೂಲಿ ಕಡಲೆ ಬೇಯಿಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ, ರುಬ್ಬಿದ್ದು ನುಣ್ಣಗೆ ಬರುತ್ತದೆ. ಅದಕ್ಕೆ ಹಾಕುವ ತಹಿನಿ ಅಂದರೆ ಎಳ್ಳಿನ ಪೇಸ್ಟ್, ಮನೆಯಲ್ಲೇ ಆಗುತ್ತದೆ. 2019ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಎಂಬ ಸರಕಾರಿ ಗುರುತು) ಸಿಕ್ಕ ಬೇಳೆ ನಮ್ಮದು ಎಂಬ ಜಂಬದಲ್ಲಿ ತೊಗರಿಬೇಳೆಯಲ್ಲೂ ಮಾಡಿ ನೋಡಿದೆ. ಗಟ್ಟಿ ಬ್ಯಾಳಿ ಆಯಿತು.

ಇನ್ನು ಇದು ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ: ಡಿಪ್ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದರೆ 1 ಗಂಟೆ ಮಾತ್ರ. ನಮ್ಮ ಮೇ ತಿಂಗಳು 40 ದಾಟುತ್ತದೆ. ಅದಕ್ಕೇ ದೊಡ್ಡ ಬೋಗಣಿ ಇಡಬೇಡಿ. ಸಣ್ಣ ಬಟ್ಟಲಲ್ಲಿ ಇಟ್ಟು, ಕೆಳಗೆ ಐಸ್ ತುಂಬಿದ ತಾಟು ಇಟ್ಟು, ಖಾಲಿಯಾದಂತೆ ಫ್ರಿಜ್‌ನಿಂದ ತನ್ನಿ.

ಚಿಪ್ಸ್‌ಗೆ ದುಡ್ಡು ಹಾಕಬೇಡಿ. ಖಡಕ್ ಜೋಳದ ರೊಟ್ಟಿ ಮುರಿದಿಡಿ. ಅಂಗೈಯಷ್ಟು ತುಂಡು ಬೇಡ, ಎರಡು ಬೆರಳಗಲ ಸಾಕು, ಇಲ್ಲದಿದ್ದರೆ ಒಂದೇ ತುಂಡನ್ನು ಹುಡುಗರು ಕಚ್ಚಿ ಕಚ್ಚಿ ಮತ್ತೆ ಅದೇ ಬಟ್ಟಲಿಗೆ ಅದ್ದುತ್ತಾರೆ.