ಸುಟ್ಟ ಜಾಗಕ್ಕೆ ಕಂದು ಬಣ್ಣ

ಹಳೆಯ ಚಿತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಬರುವವರದು ಹೆಚ್ಚುಕಡಿಮೆ ಒಂದೇ ಬೇಡಿಕೆ: "ಹಾಳಾಗಿತ್ತು ಅಂತ ಯಾರಿಗೂ ಗೊತ್ತಾಗಬಾರದು, ಹಾಗೆ ಮಾಡಿಕೊಡಿ." ಗೆದ್ದಲು ತಿಂದ ಅಜ್ಜನ ಭಾವಚಿತ್ರವಾಗಲಿ, ಚಿನ್ನದ ರೇಕು ಎದ್ದುಬಂದ ಮೈಸೂರು ಶೈಲಿಯ ಪಟವಾಗಲಿ, ಮಾತು ಇದೇ. ಆಗ ಒಂದು ಚಿತ್ರದ ಪ್ರಿಂಟ್ ತೆಗೆದು ಮೇಜಿನ ಮೇಲಿಡುತ್ತೇನೆ. ಎಡಗಡೆಯ ಎರಡು ಪಾಲು ಕೆಂಪು, ಹಸಿರು, ನೀಲಿಯಲ್ಲಿ ಧಗಧಗಿಸುತ್ತಿದೆ. ಬಲಗಡೆಯ ಒಂದು ಪಾಲು ಮಾತ್ರ ಕಾಫಿ ಚೆಲ್ಲಿದ ಹಾಗೆ ಕಂದು. "ಪ್ರಿಂಟ್ ಸರಿ ಬಂದಿಲ್ವಾ ಸಾರ್?" ಎಂದವರೂ ಇದ್ದಾರೆ.

ಅದು ಜರ್ಮನಿಯ ಎಕ್ಸ್‌ಪ್ರೆಷನಿಸ್ಟ್ (ಕಂಡದ್ದಕ್ಕಿಂತ ಒಳಗಿನ ಭಾವಕ್ಕೆ ಬಣ್ಣ ಕೊಡುವ ಪಂಥದ) ಕಲಾವಿದ ಫ್ರಾಂಜ್ ಮಾರ್ಕ್ 1913ರಲ್ಲಿ ಬರೆದ ‘ಪ್ರಾಣಿಗಳ ವಿಧಿ’. ಈಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ನಡುವೆ ಕತ್ತು ಮೇಲೆತ್ತಿದ ನೀಲಿ ಜಿಂಕೆ, ಎಡಕ್ಕೆ ಹಸಿರು ಕುದುರೆಗಳು, ಕೆಳಗೆ ಕಾಡುಹಂದಿ. ಕಾಡೇ ಚೂರುಚೂರಾಗಿ ಅವುಗಳ ಮೇಲೆ ಬೀಳುತ್ತಿದೆ.

ಮಾರ್ಕ್ ಹುಟ್ಟಿದ್ದು 1880ರಲ್ಲಿ, ಮ್ಯೂನಿಕ್‌ನಲ್ಲಿ. ಅಪ್ಪ ಚಿತ್ರಕಾರ. ಮಗನಿಗೆ ಪಾದ್ರಿಯಾಗುವ ಮನಸ್ಸಿತ್ತು. ಅದು ಬಿಟ್ಟು 1900ರಲ್ಲಿ ಕಲಾ ಶಾಲೆ ಸೇರಿದ. ಮುಂದೆ ಪ್ರಾಣಿಗಳ ಅಂಗರಚನೆಯ ಪಾಠ ಹೇಳಿಯೂ ಒಂದಷ್ಟು ಕಾಲ ಹೊಟ್ಟೆ ಹೊರೆದ. ಇದನ್ನು ಒತ್ತಿ ಹೇಳಲು ಕಾರಣವಿದೆ. ನೀಲಿ ಕುದುರೆ ಅಂದಕೂಡಲೇ ಮಕ್ಕಳಾಟ ಎಂದುಕೊಳ್ಳುವವರು ಬಹಳ. ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್‌ನಲ್ಲಿರುವ 1911ರ ‘ನೀಲಿ ಕುದುರೆ’ಯನ್ನು ನೋಡಿ: ತಲೆ ತುಸು ಬಾಗಿದೆ, ಮೈಭಾರ ಕಾಲಿಂದ ಕಾಲಿಗೆ ಜಾರುತ್ತಿದೆ. ಬದಲಾಗಿದ್ದು ಬಣ್ಣ, ಎಲುಬು ಎಲುಬಿನ ಜಾಗದಲ್ಲೇ ಇದೆ.

ಬಣ್ಣದ ಲೆಕ್ಕವನ್ನು 1910ರ ಡಿಸೆಂಬರ್‌ನಲ್ಲಿ ಚಿತ್ರಕಾರ ಗೆಳೆಯ ಆಗಸ್ಟ್ ಮಾಕೆಗೆ ಪತ್ರದಲ್ಲಿ ಬಿಡಿಸಿಟ್ಟಿದ್ದ. ನೀಲಿ ಗಂಡು, ಗಂಭೀರ, ಆಧ್ಯಾತ್ಮಿಕ. ಹಳದಿ ಹೆಣ್ಣು, ಮೃದು, ಉಲ್ಲಾಸ. ಕೆಂಪು ಜಡ, ಭಾರ, ಒರಟು. ಗಂಡು-ಹೆಣ್ಣಿನ ಈ ಹಂಚಿಕೆ ನನಗೆ ರುಚಿಸುವುದಿಲ್ಲ. ಆದರೆ ನ್ಯೂಯಾರ್ಕಿನ ಗುಗೆನ್‌ಹೈಮ್‌ನಲ್ಲಿರುವ ‘ಹಳದಿ ಹಸು’ ಹಿಂಗಾಲು ಚಿಮ್ಮಿ ನೆಗೆಯುವುದನ್ನು ಕಂಡಾಗ ಜಗಳಕ್ಕೆ ಹೋಗಲೂ ಮನಸ್ಸಾಗುವುದಿಲ್ಲ. ಅದೇ 1911ರಲ್ಲಿ ರಷ್ಯದ ಚಿತ್ರಕಾರ ಕಾಂಡಿನ್ಸ್ಕಿ ಜೊತೆ ‘ಬ್ಲೂ ರೈಡರ್’ ಎಂಬ ಕಲಾವಿದರ ಬಳಗ ಕಟ್ಟಿದ.

ಅವನನ್ನು ಕಾಡುತ್ತಿದ್ದ ಪ್ರಶ್ನೆ ಇನ್ನೊಂದು: ಕುದುರೆಗೆ, ಹದ್ದಿಗೆ, ನಾಯಿಗೆ ಈ ಲೋಕ ಹೇಗೆ ಕಾಣುತ್ತದೆ? 1912ರಲ್ಲಿ ತನ್ನ ಬಿಳಿ ನಾಯಿ ರುಸ್ಸಿಯನ್ನು ಬೆಟ್ಟಗುಡ್ಡಗಳ ಎದುರು ಸುಮ್ಮನೆ ಕೂರಿಸಿ ಬರೆದ. ನಮ್ಮ ಕಡೆ ಅದು ತಿರುಗಿಯೂ ನೋಡುವುದಿಲ್ಲ.

1914ರಲ್ಲಿ ತಾನಾಗಿಯೇ ಮೊದಲ ಮಹಾಯುದ್ಧಕ್ಕೆ ಹೋದ. ಅಲ್ಲಿ ಫಿರಂಗಿಗಳು ವಿಮಾನದ ಕಣ್ಣಿಗೆ ಬೀಳದಂತೆ ಟಾರ್ಪಾಲುಗಳಿಗೂ ಬಣ್ಣ ಬಳಿದ. ಕಾಣಿಸಲೆಂದೇ ಬಣ್ಣ ಕಲಿತವನಿಗೆ ಅಡಗಿಸುವ ಕೆಲಸ. 1915ರಲ್ಲಿ ‘ಪ್ರಾಣಿಗಳ ವಿಧಿ’ಯ ಪೋಸ್ಟ್‌ಕಾರ್ಡ್ ಅವನ ಕೈಸೇರಿತು. ಇದು ಈ ಯುದ್ಧದ ಮುನ್ಸೂಚನೆಯಂತಿದೆ, ನಾನೇ ಬರೆದೆನೆಂದರೆ ನಂಬಲಾಗುತ್ತಿಲ್ಲ ಎಂಬರ್ಥದಲ್ಲಿ ಹೆಂಡತಿ ಮರಿಯಾಗೆ ಬರೆದ. 1916ರ ಮಾರ್ಚ್ 4ರಂದು ಫ್ರಾನ್ಸಿನ ವೆರ್ಡನ್ ಬಳಿ ಶೆಲ್ಲಿನ ಚೂರು ತಗುಲಿ ಸತ್ತ. ವಯಸ್ಸು 36. ಅದೇ ವರ್ಷ ‘ಪ್ರಾಣಿಗಳ ವಿಧಿ’ ಇದ್ದ ಗೋದಾಮಿಗೆ ಬೆಂಕಿ ಬಿದ್ದು ಚಿತ್ರದ ಬಲಭಾಗವೂ ಸುಟ್ಟಿತು.

ಅದನ್ನು ಸರಿಪಡಿಸಿದ್ದು ಗೆಳೆಯ, ಹೆಸರಾಂತ ಚಿತ್ರಕಾರ ಪಾಲ್ ಕ್ಲೀ, 1919ರಲ್ಲಿ. ಆಕಾರಗಳನ್ನು ಮತ್ತೆ ಕಟ್ಟಿದ, ಬಣ್ಣವನ್ನು ಮಾತ್ರ ಮಂಕು ಕಂದಿನಲ್ಲಿ ನಿಲ್ಲಿಸಿದ. ಕ್ಲೀಗೆ ಬಣ್ಣ ಬರುತ್ತಿರಲಿಲ್ಲವೇ? ಆದರೆ ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥ ಕೊಟ್ಟವನ ಚಿತ್ರಕ್ಕೆ ಊಹೆಯ ಮೇಲೆ ನೀಲಿ ಹಚ್ಚಿದರೆ, ಸತ್ತವನ ಹೆಸರಿನಲ್ಲಿ ತಾನು ಮಾತಾಡಿದ ಹಾಗೆ. ನಾನು ಅದನ್ನು ಓದುವುದು ಹೀಗೆ. ಮುಂದೆ ಹಳೆಯ ಕಲಾಕೃತಿಗಳ ದುರಸ್ತಿಯ ಬಗ್ಗೆ ಚಿಂತಿಸಿದ ಇಟಲಿಯ ಚೆಸಾರೆ ಬ್ರಾಂಡಿ ಇದಕ್ಕೆ ಹತ್ತಿರದ ಮಾತನ್ನೇ ಕಸುಬಿನ ನಿಯಮವಾಗಿ ರೂಪಿಸಿದರು: ಹೋದ ಜಾಗವನ್ನು ಸಣ್ಣ ನೇರ ಗೆರೆಗಳಿಂದ ತುಂಬಬೇಕು. ದೂರದಿಂದ ಚಿತ್ರ ಇಡಿಯಾಗಿ ಕಾಣಬೇಕು, ಹತ್ತಿರ ಹೋದರೆ ತೇಪೆ ತೇಪೆಯೆಂದೇ ತಿಳಿಯಬೇಕು.

ಇಷ್ಟೆಲ್ಲ ಕೇಳಿ ಮೊನ್ನೆ ಒಬ್ಬರು, "ಸರಿ ಸಾರ್, ಆದ್ರೂ ಅಜ್ಜನ ಕಿವಿ?" ಎಂದರು. ಎಡಗಿವಿ ಗೆದ್ದಲ ಪಾಲಾಗಿತ್ತು. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅದು ಪೇಟದೊಳಗಿದೆ. ಆ ಜಾಗಕ್ಕೆ ತಿಳಿ ಕಂದು ಹಚ್ಚಿ ಬಿಟ್ಟಿದ್ದೇನೆ.