ಹೊಸ ಮನೆ, ಮಿದುಳಿನ ಹಳೆಯ ನಕ್ಷೆ

ಬಾಗಲಕೋಟೆಯವರಿಗೆ ಮನೆ ಬಿಡುವ ಸಂಕಟವನ್ನು ಹೊಸದಾಗಿ ವಿವರಿಸಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಮುಂದೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ, ಹಳೆಯ ಊರಿನ ತಗ್ಗಿನ ಓಣಿಗಳನ್ನು ನುಂಗಿತು. ಜನ ಕೆಲವೇ ಕಿಲೋಮೀಟರ್ ದೂರದ ನವನಗರಕ್ಕೆ ಬಂದರು. ಅಗಲವಾದ ರಸ್ತೆ, ಸಂಖ್ಯೆ ಹಾಕಿದ ಸೆಕ್ಟರ್, ಗಾಳಿ ಬೆಳಕಿನ ಮನೆ. ಇಂಥ ಮನೆಗೆ ಬಂದ ಹಿರಿಯರು ‘ಇಲ್ಲಿ ಮನಸ್ಸು ನಿಲ್ಲುವುದಿಲ್ಲ’ ಎಂದಾಗ, ‘ಎಲ್ಲ ಸೌಕರ್ಯ ಇದೆಯಲ್ಲ, ಇನ್ನೇನು ಬೇಕು’ ಎಂದು ಬಾಯಿ ಮುಚ್ಚಿಸುವುದು ಸುಲಭ. ಅದು ಅನ್ಯಾಯ. ಆ ತಳಮಳದ ಬೇರು ಮಿದುಳಿನಲ್ಲೇ ಇದೆ.

ಮಿದುಳಿನ ಒಳಭಾಗದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಅಂಗವಿದೆ. ಇಲಿಯೊಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಈ ಅಂಗದ ಕೆಲವು ನರಕೋಶಗಳು ಚುರುಕಾಗುತ್ತವೆ ಎಂಬುದನ್ನು ಜಾನ್ ಓಕೀಫ್ 1971ರಲ್ಲಿ ಪ್ರಕಟಿಸಿದರು. ಮುಂದೆ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಪಕ್ಕದ ಭಾಗದಲ್ಲಿ ದೂರ ಅಳೆಯುವ ಕೋಶಗಳನ್ನು ಗುರುತಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಈ ಕೋಶಗಳು ಸೇರಿ ಮಿದುಳಿನಲ್ಲಿ ಜಾಗದ ನಕ್ಷೆ ಮೂಡಿಸುತ್ತವೆ. ಇಲಿಯನ್ನು ಬೇರೆ ಕೋಣೆಗೆ ಬಿಟ್ಟರೆ ಹಳೆಯ ನಕ್ಷೆ ಕೆಲಸಕ್ಕೆ ಬರುವುದಿಲ್ಲ, ಅದೇ ಕೋಶಗಳು ಹೊಸ ವಿನ್ಯಾಸ ಹೂಡಬೇಕು.

ಅಡುಗೆಮನೆಯಲ್ಲಿ ನಿಂತು ನೋಡಿ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದ ಕೈ, ಹಿಟ್ಟಿನ ಡಬ್ಬಿ ಇಲ್ಲದ ಕಡೆಗೇ ಮತ್ತೆ ಮತ್ತೆ ಚಾಚುತ್ತದೆ. ರಾತ್ರಿ ಎದ್ದರೆ ಬೆರಳು ಬರಿ ಗೋಡೆ ತಡವುತ್ತದೆ, ಸ್ವಿಚ್ ಇರುವುದು ಬಾಗಿಲಿನ ಆಚೆಗೆ. ರೂಢಿಯ ಬಲದಿಂದ ತಾನಾಗಿ ನಡೆಯುತ್ತಿದ್ದ ನೂರಾರು ಕೆಲಸಗಳಿಗೆ ಈಗ ಗಮನ ಕೊಡಬೇಕು. ಸಂಜೆಯ ಹೊತ್ತಿಗೆ ಕಾರಣ ತಿಳಿಯದ ದಣಿವು, ಸಣ್ಣದಕ್ಕೂ ಸಿಡುಕು.

ಮೊದಲ ರಾತ್ರಿ ನಿದ್ದೆ ಹತ್ತದಿರುವುದಕ್ಕೂ ಕಾರಣವಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಅಪರಿಚಿತ ಜಾಗದ ಮೊದಲ ರಾತ್ರಿ ಎಡ ಮಿದುಳಿನ ಒಂದು ಭಾಗ ಬಲಗಡೆಯಷ್ಟು ಗಾಢವಾಗಿ ಮಲಗುವುದಿಲ್ಲ. ಸಪ್ಪಳಕ್ಕೆ ಅದು ಬೇಗ ಎಚ್ಚರವಾಗುತ್ತದೆ. ಜಾಗ ಪರಿಚಯವಾದ ಮೇಲೆ ಈ ಕಾವಲು ಸಡಿಲಗೊಳ್ಳುತ್ತದೆ.

ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು 1967ರಲ್ಲಿ 43 ಜೀವನ ಘಟನೆಗಳಿಗೆ ಒತ್ತಡದ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮನೆ ಬದಲಾವಣೆಗೆ ಕೇವಲ 20. ಆದರೆ ಮನೆ ಒಂಟಿಯಾಗಿ ಬದಲಾಗುವುದು ಅಪರೂಪ. ಶಾಲೆಯ ಬದಲಾವಣೆಗೆ 20, ದೊಡ್ಡ ಗೃಹಸಾಲಕ್ಕೆ 31 ಸೇರಿಸಿದರೆ 71.

ಹಾಗಾಗಿ ಸಾಮಾನು ಇಳಿಸಿದ ದಿನ ಮೊದಲು ಹಾಸಿಗೆ ಹಾಸಿ. ಹಳೆಯ ಹೊದಿಕೆಯೇ ಇರಲಿ, ಅದರ ವಾಸನೆ ಮಿದುಳಿಗೆ ಗೊತ್ತಿದೆ. ಡಬ್ಬಿಗಳನ್ನು ಹಳೆಯ ಮನೆಯ ಸಾಲಿನಲ್ಲೇ ಜೋಡಿಸಿ. ಹಿರಿಯರ ಮಂಚ ಹಿಂದಿನ ದಿಕ್ಕಿಗೇ ಇದ್ದು, ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಬೇಕು. ಕತ್ತಲಲ್ಲಿ ಹಳೆಯ ಮನೆಯ ಲೆಕ್ಕದಲ್ಲಿ ಹೆಜ್ಜೆ ಇಟ್ಟು ಬಿದ್ದು ಸೊಂಟದ ಮೂಳೆ ಮುರಿದರೆ, ಆ ವಯಸ್ಸಿನಲ್ಲಿ ಎದ್ದು ಓಡಾಡುವುದೇ ಕಷ್ಟ. ದಿನವೂ ಬೆಳಿಗ್ಗೆ ಅವರನ್ನು ಒಂದೇ ದಾರಿಯಲ್ಲಿ ಕರೆದುಕೊಂಡು ನಡೆಯಿರಿ, ನಕ್ಷೆ ಮೂಡುವುದು ಹಾಗೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ.

ಗೋಡೆಗಿಂತ ಹೆಚ್ಚಾಗಿ ಕಳೆದುಹೋಗುವುದು ಮಂದಿ. ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಅಣೆಕಟ್ಟಿನಿಂದ 1950ರ ದಶಕದಲ್ಲಿ ಸುಮಾರು 57,000 ಟೋಂಗಾ ಜನ ಊರು ಬಿಟ್ಟರು. ಅವರನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಥೇಯರ್ ಸ್ಕಡರ್ ಮತ್ತು ಎಲಿಜಬೆತ್ ಕೋಲ್ಸನ್ ಕಂಡದ್ದು, ಹೊಸ ನೆಲದ ಮೊದಲ ವರ್ಷಗಳಲ್ಲಿ ಜನ ಬಂಧುಬಳಗಕ್ಕೆ, ಹಳೆಯ ನೆರೆಹೊರೆಗೆ ಅಂಟಿಕೊಂಡೇ ಬದುಕುತ್ತಾರೆ ಎಂಬುದನ್ನು. ಕಟ್ಟೆಯ ಮೇಲೆ ಸಂಜೆ ಕೂಡುತ್ತಿದ್ದ ನಾಲ್ಕು ಜನ ನಾಲ್ಕು ಸೆಕ್ಟರ್‌ಗೆ ಚದುರಿದರೆ ಆ ಆಸರೆಯೇ ತಪ್ಪುತ್ತದೆ.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಏರಿದರೆ ಇನ್ನಷ್ಟು ಹಳ್ಳಿಗಳು ಎದ್ದು ಬರಬೇಕು. ಆಗಲಾದರೂ ಒಂದು ಓಣಿಯವರಿಗೆ ಒಂದೇ ಸಾಲಿನಲ್ಲಿ ನಿವೇಶನ ಕೊಡಲಿ, ಚೀಟಿ ಎತ್ತುವುದಿದ್ದರೆ ಮನೆಗೊಂದರಂತೆ ಬೇಡ, ಓಣಿಗೊಂದು ಎತ್ತಲಿ.