‘ಫ್ಯಾಂಟಸಿ ಲೈಫ್’ನ ಹೊಸ ಆಟ ಕೊಳ್ಳಬಹುದಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ‘ಫ್ಯಾಂಟಸಿ ಲೈಫ್ ಐ’ ಅನ್ನುವ ವಿಡಿಯೊ ಗೇಮ್ ಚೆನ್ನಾಗಿದೆ ಅಂತ ಹಾಸ್ಟೆಲ್ ಗೆಳೆಯರು ಹೇಳ್ತಾರೆ. ಮೊದಲನೆಯದನ್ನು ನಾನು ಆಡಿಲ್ಲ. ನೇರವಾಗಿ ಇದನ್ನೇ ಆಡಿದರೆ ಅರ್ಥ ಆಗುತ್ತಾ? ಕೂಡಿಟ್ಟ ದುಡ್ಡು ಹಾಕುವಷ್ಟು ಇದೆಯಾ ಅದರಲ್ಲಿ? ರಜೆಗೆ ಮನೆಗೆ ಹೋದಾಗ ಏಳನೇ ಕ್ಲಾಸಿನ ತಂಗಿಯೂ ನನ್ನ ಜೊತೆ ಆಡಲು ಕೂರುತ್ತಾಳೆ.

ಅರ್ಥ ಆಗುತ್ತೆ. ಹಳೆಯದು ಗೊತ್ತಿಲ್ಲದಿದ್ದರೆ ಏನೂ ತೊಂದರೆ ಇಲ್ಲ. ಆಟವೂ ಚೆನ್ನಾಗಿದೆ. ಆದರೆ ಎಲ್ಲರಿಗೂ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಹೆಸರಿನಲ್ಲಿ ‘ಲೈಫ್’ ಇದೆಯಲ್ಲ, ಅದನ್ನು ನೋಡಿ ಮನೆ, ಮದುವೆ, ಸಂಸಾರ, ನೆರೆಹೊರೆ ಅಂತ ಎಣಿಸಿಕೊಂಡು ಕೊಂಡವರಿಗೆ ಬೇಜಾರಾಗುತ್ತದೆ. ಈ ಆಟದಲ್ಲಿ ಲೈಫ್ ಅಂದರೆ ಕಸುಬು. ಅಷ್ಟೇ. ಕಸುಬು ಕಲಿಯುವುದರಲ್ಲಿ ನಿಮಗೆ ಖುಷಿ ಇದ್ದರೆ ಕೊಳ್ಳಿ.

ಮೊದಲು ಹಳೆಯದರ ಮಾತು ಮುಗಿಸಿಬಿಡೋಣ. ಮೊದಲ ‘ಫ್ಯಾಂಟಸಿ ಲೈಫ್’ ಜಪಾನಿನಲ್ಲಿ 2012ರ ಕೊನೆಗೆ ನಿಂಟೆಂಡೊ 3ಡಿಎಸ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂತು. ಬೇರೆ ದೇಶದವರ ಕೈಗೆ ಸಿಕ್ಕಿದ್ದು 2014ರಲ್ಲಿ. ಈಗ ಹುಡುಕಿ ಆಡೋಣ ಅಂದರೂ ಕಷ್ಟ. 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದು 2023ರ ಮಾರ್ಚ್‌ನಲ್ಲೇ ನಿಂತಿತು. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟವೂ ನಿಂತಿತು. ಹೊಸದರ ಪೂರ್ತಿ ಹೆಸರು ‘ಫ್ಯಾಂಟಸಿ ಲೈಫ್ ಐ: ದಿ ಗರ್ಲ್ ಹೂ ಸ್ಟೀಲ್ಸ್ ಟೈಮ್’. ಮಾಡಿದವರು ಅದೇ ಲೆವೆಲ್-5 ಕಂಪನಿ. 2023ರ ಫೆಬ್ರವರಿಯಲ್ಲಿ ಹೆಸರು ಹೇಳಿದರು, ಅದೇ ವರ್ಷ ಕೊಡುತ್ತೇವೆ ಅಂದರು. ಅದು 2024ಕ್ಕೆ ಹೋಯಿತು, ಆಮೇಲೆ 2025ರ ಏಪ್ರಿಲ್‌ಗೆ ಹೋಯಿತು. ಕೊನೆಗೆ ಬಂದದ್ದು 2025ರ ಮೇ 21ರಂದು. ಇಷ್ಟು ಸಲ ಮುಂದೆ ಹೋದ ಆಟ ಹಾಳಾಗಿಯೇ ಬರುತ್ತದೆ ಅಂತ ಕಾಯುತ್ತಿದ್ದವರೆಲ್ಲ ಹೆದರಿದ್ದರು. ನಾನೂ ಹೆದರಿದ್ದೆ. ಹಾಗಾಗಲಿಲ್ಲ.

ಕಥೆ ಹೊಸದು. ನೀವು ಒಂದು ಉತ್ಖನನ ತಂಡದಲ್ಲಿ ಇರುತ್ತೀರಿ. ನೆಲದಲ್ಲಿ ಸಿಕ್ಕಿದ ಡ್ರ್ಯಾಗನ್ ಮೂಳೆಯ ಬೆನ್ನು ಹತ್ತಿ ಹಡಗಿನಲ್ಲಿ ಹೊರಡುತ್ತೀರಿ. ಅಲ್ಲಿಂದ ಒಂದು ಸಾವಿರ ವರ್ಷ ಹಿಂದಿನ ದ್ವೀಪಕ್ಕೆ ಹೋಗಿ ಬೀಳುತ್ತೀರಿ. ಆಮೇಲೆ ಇಂದಿನ ಪಾಳು ದ್ವೀಪಕ್ಕೂ ಅಂದಿನ ಊರಿಗೂ ಓಡಾಟ. ನಾನು ಇರುವುದು ಚಿತ್ರದುರ್ಗದಲ್ಲಿ. ನಮ್ಮ ಚಂದ್ರವಳ್ಳಿಯಲ್ಲಿ 1929ರಲ್ಲಿ ಪುರಾತತ್ವದ ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಶಾತವಾಹನರ ನಾಣ್ಯ ಸಿಕ್ಕಿತು, ರೋಮ್ ದೇಶದ ನಾಣ್ಯವೂ ಸಿಕ್ಕಿತು. ಶಾಲೆಯಿಂದ ಟ್ರಿಪ್ ಹೋದಾಗ ಮೇಷ್ಟ್ರು ಅದನ್ನು ಹೇಳುತ್ತಿದ್ದರೆ, ನಾವು ನಿಂತ ನೆಲದ ಕೆಳಗೆ ಯಾರೋ ವ್ಯಾಪಾರ ಮಾಡಿಕೊಂಡು ಬದುಕಿದ್ದರಲ್ಲಾ ಅಂತ ಮೈ ಜುಮ್ ಅಂದಿತ್ತು. ಈ ಆಟದ ಪಾಳು ದ್ವೀಪದಲ್ಲಿ ನಡೆಯುವಾಗ ನನಗೆ ಅದೇ ನೆನಪಾಯಿತು. ಸರಿ, ಇದು ನನ್ನ ಮಾತು. ನಿಮಗೆ ಹಾಗೆ ಅನ್ನಿಸಬೇಕಾಗಿಲ್ಲ.

ಈಗ ಕಸುಬಿಗೆ ಬರೋಣ. ಒಟ್ಟು 14 ಇವೆ. ಹಳೆಯದರಲ್ಲಿ 12 ಇದ್ದವು, ರೈತ ಮತ್ತು ಕಲಾವಿದ ಹೊಸದಾಗಿ ಸೇರಿದ್ದು. ಹೊಡೆದಾಡುವ ಕಸುಬು ನಾಲ್ಕು. ಅದಿರು ತೆಗೆಯುವುದು, ಮರ ಕಡಿಯುವುದು, ಮೀನು ಹಿಡಿಯುವುದು, ಬೇಸಾಯ, ಇವು ಸಾಮಾನು ತರುವ ಕಸುಬು. ಕಮ್ಮಾರ, ಬಡಗಿ, ದರ್ಜಿ, ಅಡುಗೆಯವ, ರಸವಿದ್ಯೆಯವ, ಕಲಾವಿದ, ಇವರೆಲ್ಲ ಅದರಿಂದ ಏನಾದರೂ ಮಾಡುವವರು. ಒಂದನ್ನು ಆರಿಸಿಕೊಂಡರೆ ಉಳಿದದ್ದು ತಪ್ಪಿಹೋಗುತ್ತದೆ ಅಂತ ಇಲ್ಲ. ಹದಿನಾಲ್ಕನ್ನೂ ಕಲಿಯಬಹುದು. ಕಲಿತಾದ ಮೇಲೆ ಮರದ ಹತ್ತಿರ ಹೋಗಿ ಬಟನ್ ಒತ್ತಿದರೆ ಸಾಕು, ಆಟವೇ ನಿಮ್ಮ ಕೈಗೆ ಕೊಡಲಿ ಕೊಡುತ್ತದೆ. ಬಂಡೆಯ ಹತ್ತಿರ ಹೋದರೆ ಗುದ್ದಲಿ.

ಇದರ ನಿಜವಾದ ರುಚಿ ಈ ಕಸುಬುಗಳು ಒಂದರ ಕೈ ಇನ್ನೊಂದು ಹಿಡಿಯುವುದರಲ್ಲಿದೆ. ಒಳ್ಳೆಯ ಕತ್ತಿ ಬೇಕು, ಕಮ್ಮಾರನಾದಿರಿ. ಅದಕ್ಕೆ ಒಳ್ಳೆಯ ಅದಿರು ಬೇಕು. ಆ ಬಂಡೆ ನಿಮ್ಮ ಹಳೇ ಗುದ್ದಲಿಗೆ ಬಗ್ಗುವುದಿಲ್ಲ. ಹೊಸ ಗುದ್ದಲಿ ಮಾಡುವವನು ಮತ್ತೆ ಕಮ್ಮಾರನೇ. ಹೋಗುವ ದಾರಿಯಲ್ಲಿ ದೊಡ್ಡ ಪ್ರಾಣಿಗಳಿವೆ, ಅವನ್ನು ದೂರದಿಂದ ಹೊಡೆಯಲು ಬಿಲ್ಲು ಬೇಕು. ಬಿಲ್ಲು ಬಡಗಿಯ ಕೆಲಸ, ಬಡಗಿಗೆ ಮರ ಬೇಕು. ಗಾಯಕ್ಕೆ ಔಷಧಿ ಬೇಕು, ಅದು ರಸವಿದ್ಯೆ. ಹೀಗೆ ಒಂದು ಕತ್ತಿಯ ಆಸೆಗೆ ಹೊರಟವರು ಎರಡು ಗಂಟೆ ಬಿಟ್ಟು ನೋಡಿದರೆ ಐದು ಕಸುಬಿನಲ್ಲಿ ಒಂದೊಂದು ಮೆಟ್ಟಿಲು ಹತ್ತಿರುತ್ತಾರೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳಕಾಲ್ಮೂರಿನಲ್ಲಿ ಒಂದು ರೇಷ್ಮೆ ಸೀರೆ ಮಗ್ಗದಿಂದ ಇಳಿಯಬೇಕಾದರೆ ಎಷ್ಟು ಕೈ ಬೇಕು ಅಂತ ನೋಡಿದವರಿಗೆ ಗೊತ್ತು. ನೂಲಿಗೆ ಬಣ್ಣ ಹಾಕುವವರು ಬೇರೆ, ಸುತ್ತಿ ಕೊಡುವವರು ಬೇರೆ, ಹಾಸು ಹೂಡುವವರು ಬೇರೆ. ನೇಯುವವರು ಕೂರುವುದು ಇಷ್ಟೆಲ್ಲ ಆದ ಮೇಲೆ. ನಡುವೆ ಒಬ್ಬರು ಕೈ ಬಿಟ್ಟರೆ ಮಗ್ಗ ನಿಲ್ಲುತ್ತದೆ. ಆಟ ಮಾಡಿದ ಜಪಾನಿನವರಿಗೆ ಮೊಳಕಾಲ್ಮೂರು ಗೊತ್ತಿರಲಿಕ್ಕಿಲ್ಲ. ಆದರೆ ಕಸುಬು ಅಂದರೆ ಒಬ್ಬರದಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿದೆ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಮರ ಕಡಿಯುವುದು ಅಂದರೆ ಸುಮ್ನೆ ಬಟನ್ ಒತ್ತುತ್ತಾ ನಿಲ್ಲುವುದಲ್ಲ. ಮರದ ಸುತ್ತ ತಿರುಗಿ ಏಟು ಸರಿಯಾಗಿ ಬೀಳುವ ಜಾಗ ಹುಡುಕಬೇಕು. ಸ್ವಲ್ಪ ಹೊತ್ತಿಗೆ ಆ ಜಾಗ ಬದಲಾಗುತ್ತದೆ, ಮತ್ತೆ ತಿರುಗಬೇಕು. ಬಂಡೆಗೂ ಇದೇ ಲೆಕ್ಕ. ನಮ್ಮ ಅಜ್ಜ ಸೌದೆ ಒಡೆಯುವಾಗ ಕೊಡಲಿ ಎತ್ತುವ ಮೊದಲು ತುಂಡನ್ನು ಎರಡು ಸಲ ತಿರುಗಿಸಿ ನೋಡುತ್ತಿದ್ದರು. “ನಾರು ಯಾವ ಕಡೆ ಓಡೈತಿ ನೋಡ್ಬೇಕು, ಸುಮ್ನೆ ಶಕ್ತಿ ಹಾಕಿದ್ರೆ ಏನ್ ಬಂತು” ಅನ್ನುತ್ತಿದ್ದರು. ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಈ ಆಟ ತೋರಿಸುತ್ತಾ ಅಜ್ಜನ ಮಾತು ಹೇಳಿದೆ. ಅವನು ದೊಡ್ಡ ಮರವೊಂದರ ಸುತ್ತ ಮೂರು ಸುತ್ತು ಹಾಕಿ, ಒಂದು ಜಾಗದಲ್ಲಿ ನಿಂತು, “ಮಾಮ, ನಾರು ಸಿಕ್ತು” ಅಂದ. ಅದಕ್ಕೇ ಆ ಆಟ ನನಗೆ ಇಷ್ಟ.

ಕಥೆ ಆಚೆ ಇಟ್ಟರೆ ಜಿನೋರ್ಮೋಸಿಯಾ ಅನ್ನುವ ದೊಡ್ಡ ಬಯಲು ನಾಡೊಂದಿದೆ. ಅಲ್ಲಿ ಗೋಪುರ ಹತ್ತಿ ನಕ್ಷೆ ಬಿಡಿಸಿಕೊಳ್ಳುತ್ತಾ ಎಲ್ಲಿ ಬೇಕಾದರೂ ಅಲೆಯಬಹುದು. ಸಾಮಾನಾಗಿ ಬದಲಾಗಿಬಿಟ್ಟ ಜನರನ್ನು ಹುಡುಕಿ ತಂದು ಮತ್ತೆ ಮನುಷ್ಯರನ್ನಾಗಿ ಮಾಡಿದರೆ ಅವರು ನಿಮ್ಮ ದ್ವೀಪದಲ್ಲಿ ಬಂದು ನೆಲೆಸುತ್ತಾರೆ. ಅವರನ್ನು ಕೆಲಸಕ್ಕೆ ಜೊತೆಗೆ ಕರೆದುಕೊಂಡು ಹೋಗಲೂಬಹುದು. ಅವರ ಮನೆ ಎಲ್ಲಿ, ಹಾದಿ ಎಲ್ಲಿ, ನೀರು ಎಲ್ಲಿ ಅಂತ ನೀವೇ ಕೂರಿಸುತ್ತೀರಿ.

ಇನ್ನು ಕೊರತೆ. ಆ ದ್ವೀಪದ ಜನಕ್ಕೆ ತಮ್ಮದೇ ಬದುಕು ಅಂತ ಹೆಚ್ಚೇನೂ ಇಲ್ಲ. ನಾಲ್ಕು ಸಲ ಮಾತಾಡಿಸಿದರೆ ಐದನೇ ಸಲ ಅದೇ ಮಾತು. ಪ್ರೀತಿ, ಮದುವೆ ಇಲ್ಲ. ‘ಸ್ಟಾರ್‌ಡ್ಯೂ ವ್ಯಾಲಿ’ ಅನ್ನುವ ಬೇಸಾಯದ ಆಟ ಆಡಿದ್ದರೆ ಅಲ್ಲಿನ ಊರಿನವರ ನೆನಪು ಬಂದು ಇಲ್ಲಿ ಖಾಲಿ ಅನ್ನಿಸುತ್ತದೆ. ಮೊದಲ ಎರಡು ಮೂರು ಗಂಟೆ ಆಟ ನಿಮ್ಮ ಕೈ ಹಿಡಿದೇ ನಡೆಸುತ್ತದೆ, ಮಾತು ಜಾಸ್ತಿ. ದಯವಿಟ್ಟು ಅಲ್ಲಿಗೇ ಬಿಡಬೇಡಿ. ಸಾಮಾನು ಮಾಡುವ ಕಸುಬುಗಳಲ್ಲಿ ಕೆಲಸದ ಮೇಜಿನ ಮುಂದೆ ಆಡುವ ಚಿಕ್ಕ ಆಟ ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ. ಕಮ್ಮಾರನಾದರೂ ಅದೇ, ಅಡುಗೆಯವನಾದರೂ ಅದೇ. ಮೂರು ಜಾಗದ ನಡುವೆ ಓಡುತ್ತಾ ಒತ್ತಬೇಕು, ಒತ್ತಿ ಹಿಡಿಯಬೇಕು, ತಿರುಗಿಸಬೇಕು. ಮೂವತ್ತನೇ ಸಲ ಮಾಡುವಾಗ ಬೇಸರ ಬರುತ್ತದೆ. ಕಲಾವಿದನಿಗಾದರೂ ಬೇರೆ ಕೈಚಳಕ ಇಡಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಿಮ್ಮ ತಂಗಿಯ ವಿಷಯ. ಆನ್‌ಲೈನ್‌ನಲ್ಲಿ ನಾಲ್ಕು ಜನ ಸೇರಬಹುದು. ಒಂದೇ ತೆರೆಯ ಮುಂದೆ ಕೂತರೆ ಇಬ್ಬರು. ಆದರೆ ಪಕ್ಕದಲ್ಲಿ ಕೂತವರಿಗೆ ಜೊತೆಗಾರನ ಪಾತ್ರ ಮಾತ್ರ, ಆಟ ಒಬ್ಬರದೇ. ಕಥೆಯನ್ನು ಕೂಡಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಅವಳಿಗೆ ಬೇರೆ ಆಟಗಾರ್ತಿಯಾಗಿ ಶುರು ಮಾಡಿಕೊಟ್ಟು ಸರದಿ ಮೇಲೆ ಆಡುವುದು ಒಳ್ಳೆಯದು. ನಿಮ್ಮ ಪಕ್ಕ ಕೂತು ಬರೀ ಸಹಾಯ ಮಾಡುತ್ತಾ ಇದ್ದರೆ ಆ ವಯಸ್ಸಿನವರಿಗೆ ಬೇಗ ಬೇಜಾರು. ರಕ್ತ, ಹಿಂಸೆ ಅಂತ ಭಯಪಡುವ ಹಾಗಿಲ್ಲ. ಓದುವುದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಇಲ್ಲ. ಓದುವುದೂ ತುಂಬಾ ಇದೆ. ಮೊದಲ ವಾರ ನೀವು ಪಕ್ಕದಲ್ಲಿ ಕೂತು ಓದಿ ಹೇಳಿ, ಆಮೇಲೆ ಅವಳೇ ಓದಿಕೊಳ್ಳುತ್ತಾಳೆ.

ಎಲ್ಲಿ ಕೊಳ್ಳಬೇಕು? ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 4 ಮತ್ತು 5, ಎಕ್ಸ್‌ಬಾಕ್ಸ್‌ನ ಹೊಸ ಯಂತ್ರಗಳು, ಕಂಪ್ಯೂಟರಿಗೆ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿ, ಎಲ್ಲದರಲ್ಲೂ ಇದೆ. ಸ್ವಿಚ್ 2ಕ್ಕೂ ಬೇರೆಯಾಗಿ ಬಂದಿದೆ. ಸ್ವಿಚ್ ನಮ್ಮಲ್ಲಿ ಹೊರಗಿನಿಂದ ತರಿಸಿ ಮಾರುವವೇ ಜಾಸ್ತಿ, ಈ ಆಟಕ್ಕಾಗಿಯೇ ಯಂತ್ರ ಕೊಳ್ಳಬೇಡಿ. ಕಾಲೇಜಿಗೆ ಅಂತ ತೆಗೆದುಕೊಂಡ ಲ್ಯಾಪ್‌ಟಾಪ್ ಇದ್ದೇ ಇರುತ್ತಲ್ವಾ, ಸ್ಟೀಮ್‌ನಲ್ಲಿ ಕೊಳ್ಳಿ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ನಿಮ್ಮ ಲ್ಯಾಪ್‌ಟಾಪ್ ತಡೆಯುತ್ತದೋ ಇಲ್ಲವೋ ಅಂತ ಆ 2 ಗಂಟೆಯಲ್ಲಿ ನೋಡಿಕೊಳ್ಳಿ. ಆಟ ಹಿಡಿಸುತ್ತದೋ ಇಲ್ಲವೋ ಅಂತ ಮಾತ್ರ ಅಷ್ಟರಲ್ಲಿ ತೀರ್ಮಾನ ಮಾಡಬೇಡಿ, ಮೇಲೆ ಹೇಳಿದ ಹಾಗೆ ರುಚಿ ಶುರುವಾಗುವುದೇ ಆಮೇಲೆ. ಅವಸರ ಇಲ್ಲದಿದ್ದರೆ ಜೂನ್ ಕೊನೆಗೋ ಡಿಸೆಂಬರ್ ಕೊನೆಗೋ ಸ್ಟೀಮ್ ದೊಡ್ಡ ಸೇಲ್ ಹಾಕುತ್ತದೆ, ಅಲ್ಲಿಯವರೆಗೆ ಕಾಯಿರಿ. ಪರೀಕ್ಷೆ ಮುಗಿದ ಮೇಲೆ ಶುರು ಮಾಡಿದರೆ ಇನ್ನೂ ಒಳ್ಳೆಯದು. ನನಗೆ ಬರೀ ಕಥೆ ಮುಗಿಸಲು ಸುಮಾರು 30 ಗಂಟೆ ಹಿಡಿಯಿತು. ಹದಿನಾಲ್ಕೂ ಕಸುಬಿನಲ್ಲಿ ಮೇಲೆ ಹತ್ತುತ್ತೇನೆ ಅಂದರೆ ಅದರ ಮೂರು ಪಟ್ಟು ಇಟ್ಟುಕೊಳ್ಳಿ. ಒಂದು ಸಲ ಕೊಂಡ ಮೇಲೆ ಒಳಗೆ ಅದಕ್ಕೆ ಇದಕ್ಕೆ ಅಂತ ಮತ್ತೆ ದುಡ್ಡು ಕೇಳುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ದೊಡ್ಡದೊಂದು ಹೊಸ ಭಾಗವನ್ನೂ ಕೊಂಡವರಿಗೆಲ್ಲ ದುಡ್ಡಿಲ್ಲದೇ ಸೇರಿಸಿಕೊಟ್ಟರು.

ಇದನ್ನೆಲ್ಲ ಓದಿ ‘ನನಗೆ ಬೇಕಾಗಿದ್ದು ಸಂಸಾರದ ಆಟ’ ಅನ್ನಿಸಿದರೆ ‘ದಿ ಸಿಮ್ಸ್ 4’ ಹಾಕಿ ನೋಡಿ. ಅದರ ಮೂಲ ಆಟ 2022ರ ಅಕ್ಟೋಬರ್‌ನಿಂದ ಉಚಿತ. ಮನೆ ಕಟ್ಟಿ, ಜನರನ್ನು ಕೂರಿಸಿ, ಅವರ ಜಗಳ ನೋಡುವುದರಲ್ಲಿ ಖುಷಿ ಸಿಕ್ಕರೆ ಕೂಡಿಟ್ಟ ದುಡ್ಡು ಹಾಗೇ ಉಳಿಯುತ್ತದೆ. ಒಂದು ವಾರಕ್ಕೆ ‘ಇವರಿಗೆ ಏನಾದರೂ ಕೆಲಸ ಕೊಡಬೇಕಿತ್ತು’ ಅನ್ನಿಸಿದರೆ ‘ಫ್ಯಾಂಟಸಿ ಲೈಫ್ ಐ’ ನಿಮ್ಮದೇ ಆಟ.

ಕೊಂಡರೆ ಮೊದಲ ಕಸುಬಾಗಿ ಹೊಡೆದಾಡುವುದನ್ನು ಆರಿಸಬೇಡಿ. ಮರ ಕಡಿಯುವುದರಿಂದ ಶುರು ಮಾಡಿ, ಎರಡನೆಯದಾಗಿ ಬಡಗಿ. ತರುವ ಕೈ, ಮಾಡುವ ಕೈ ಎರಡೂ ನಿಮ್ಮದೇ ಆದಾಗ ಆಟ ಬೇಗ ಬಿಚ್ಚಿಕೊಳ್ಳುತ್ತದೆ. ತಂಗಿಗೆ ಮಾತ್ರ ಏನನ್ನೂ ಹೇಳಿಕೊಡಬೇಡಿ. ಹದಿನಾಲ್ಕರಲ್ಲಿ ಅವಳು ಮೊದಲು ಯಾವುದಕ್ಕೆ ಕೈ ಹಾಕಿದಳು ಅಂತ ನನಗೂ ಬರೆದು ತಿಳಿಸಿ.